ಐದನೆಯ ತೇಪೆ

ಒಂದೂರಿನಲ್ಲಿ ಒಂದು ಕುದುರೆ ಇತ್ತಂತೆ, ಹಗಲೆಲ್ಲ ಎದೆಯುಬ್ಬಿಸಿ ನಿಂತಿರುತ್ತಿತ್ತಂತೆ, ಊರು ಮಲಗಿತೆಂದರೆ ಒಂದು ಜಿನ್ನು ಬಂದು ಅದರ ಉಸಿರನ್ನೆಲ್ಲ ಹೀರಿ ಹೋಗುತ್ತಿತ್ತಂತೆ, ಬೆಳಗಾಗೆದ್ದು ನೋಡಿದರೆ ಕುದುರೆ ಮಂಡಿಯೂರಿ ನೆಲಕ್ಕೆ — ಅಗೋ, ಮತ್ತೊಂದು ಗುಳ್ಳೆ, ನೀರಿನ ಬಾಂಡಲಿಯ ತಳದಿಂದ ಸಾಸಿವೆಯಷ್ಟು ಹೊರಟು ಮೇಲೆ ಬರುವಷ್ಟರಲ್ಲಿ ಬಟಾಣಿಯಷ್ಟಾಗಿ ಟಪ್ಪೆಂದಿತು, ಅದರ ಹಿಂದೆ ಇನ್ನೊಂದು, ದಾದಿಯ, ಅಂದರೆ ಅಬ್ಬಾನ ಅಮ್ಮನ, ಕಥೆಯ ಜಿನ್ನು ಎಲ್ಲಿ ಅಡಗಿತ್ತೆಂದು ಕುದುರೆಯ ಒಡತಿ ರಾಜಕುಮಾರಿಗೆ ಗೊತ್ತಿರಲಿಲ್ಲ, ನನ್ನ ಜಿನ್ನು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು, ನಿನ್ನೆ ನಾನೇ ಟ್ಯೂಬಿಗೆ ಅಂಟಿಸಿದ ತೇಪೆಯ ಅಂಚಿನಲ್ಲಿ, ನಾಲ್ಕನೆಯ ತೇಪೆ ಅದು, ಮೊನ್ನೆಯದು ಮೂರನೆಯದು, ಎಲ್ಲವೂ ಒಂದೇ ತೂತಿಗೆ, ಜಾಲಿಮುಳ್ಳು ಮಾಡಿದ ಸೂಜಿಮೊನೆಯಷ್ಟು ತೂತಿಗೆ. ಏನ್ ಮೆಹನಾಜ್, ಟ್ಯೂಬಿಗೆ ಸ್ನಾನ ಆಯ್ತಾ, ಸೋಪು ಕೊಡ್ಲಾ, ಎನ್ನುತ್ತಾನೆ ಅಣ್ಣ ಮುಜಾಮಿಲ್, ನಮ್ಮ ರಿಪೇರಿ ಅಂಗಡಿಯ ಆ ಬದಿಯಿಂದ, ಕೈಯಲ್ಲಿ ಯಾರದೋ ಬೈಕಿನ ಚೈನು. ನಗಲಿ. ಹನ್ನೊಂದು ವರ್ಷ ಟಾರ್ಪಾಲಿನಡಿ ಸತ್ತು ಬಿದ್ದಿದ್ದ ಅಬ್ಬಾನ ಅಪ್ಪ ದಾದಾನ ಸ್ಕೂಟರಿನ ಕಾರ್ಬ್ಯುರೇಟರಿನಿಂದ ಕಣಜದ ಮಣ್ಣುಗೂಡು ಕೆರೆದು ತೆಗೆದವಳು ನಾನು, ಟ್ಯಾಂಕಿಗೆ ಹುಣಸೆನೀರು, ಜಲ್ಲಿಕಲ್ಲು ತುಂಬಿ ತೋಳು ಬಿದ್ದುಹೋಗುವಷ್ಟು ಕುಲುಕಿ ತುಕ್ಕು ತೊಳೆದವಳು ನಾನು, ಕ್ಲಚ್ಚಿನ ತಂತಿ ಎರಡು ಸಲ ತುಂಡಾಯಿತು, ಹಾರನ್ನು ಈಗಲೂ ಬಲಕ್ಕೆ ತಿರುಗಿದರೆ ಮಾತ್ರ ಕೂಗುತ್ತದೆ, ಆದರೂ ಇಂಜಿನ್ನು ಎದ್ದು ಕೂತಿತು, ಅದೆಲ್ಲ ಗೆದ್ದು ಈ ಒಂದು ಮುಳ್ಳಿಗೆ ಸೋಲುವುದೇ? ಅಬ್ಬಾನ ಮಾತು ಹದಿನೈದು ದಿನದಿಂದ ಕಿವಿಯಲ್ಲೇ ಕೂತಿದೆ, ಹೊಸ ಸಾಮಾನು ಒಂದೂ ಕೊಳ್ಳಂಗಿಲ್ಲ, ಅಂಗಡೀಲಿ ಬಿದ್ದಿರೋದ್ರಲ್ಲೇ ಮಾಡು, ಶುಕ್ರವಾರ ದಾದೀನ ಹಿಂದೆ ಕೂರಿಸ್ಕೊಂಡು ಮೊಳಕಾಲ್ಮೂರಿಗೆ ಹೋಗಿ, ಯಾರ ಕೈಲೂ ತಳ್ಳಿಸ್ದೆ, ಮಗ್ರಿಬ್‌ಗೆ ಮುಂಚೆ, ಹೊತ್ತು ಮುಳುಗೋದ್ರೊಳಗೆ, ವಾಪಸ್ ಬಾ, ಬಂದ್ರೆ ಶನಿವಾರದಿಂದ ಈ ಅಂಗಡೀಲಿ ನಿಂಗೂ ಒಂದು ಸ್ಟೂಲು, ಬರ್ಲಿಲ್ಲಾಂದ್ರೆ ಗಾಡಿ ಗುಜರಿಗೆ, ನೀನು ಫರ್ಹತ್ ಖಾಲಾನ ಹೊಲಿಗೆ ಕ್ಲಾಸಿಗೆ, ಮತ್ತೆ ಅಂಗಡಿ ಕೆಲಸದ ಮಾತು ಎತ್ತಂಗಿಲ್ಲ. ಹೊಲಿಗೆ! ತೋಳನ್ನು ಕುತ್ತಿಗೆಗೆ ಹೊಲಿದವಳು ನಾನು. ಇವತ್ತು ಗುರುವಾರ.

ಅಬ್ಬಾ ಬೈದರೂ ಆಗಿತ್ತು, ಬೈಯುವುದಿಲ್ಲ, ದಿನಾ ಬೆಳಗಿನ ನಮಾಜ್ ಮುಗಿಸಿ ಬಂದು ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹೆಬ್ಬೆರಳು ಒತ್ತುತ್ತಾರೆ, ಬಿಸಿ ಮುದ್ದೆಗೆ ಇಳಿದಂತೆ ಹೆಬ್ಬೆರಳು ಟೈರಿನೊಳಕ್ಕೆ ಇಳಿಯುತ್ತದೆ, ಎದ್ದು ಮಂಡಿ ಕೊಡವಿ ಹೋಗುತ್ತಾರೆ, ನಾಲ್ಕು ಬೆಳಗು, ನಾಲ್ಕು ಸಲ. ನಾನೇನು ತಪ್ಪು ಮಾಡಿದೆ, ಉಜ್ಜಿದೆ, ಒರೆಸಿದೆ, ಅಂಟಿನ ಸಲ್ಯೂಷನ್ ಹಚ್ಚಿದೆ, ಹಳೇ ಟ್ಯೂಬಿನಿಂದ ನಾಣ್ಯದಂತೆ ಗುಂಡಗೆ ಕತ್ತರಿಸಿ ಅಂಟಿಸಿದೆ, ಅಬ್ಬಾ ಮಾಡುವಂತೆಯೇ, ಇನ್ನೂ ಚೊಕ್ಕಟವಾಗಿ — ಉಗುರು ತಾಗಿದ್ದೇ ತಡ, ತೇಪೆ ಇಡಿಯಾಗಿ ಎದ್ದು ಬಂತು, ಹರಿಯಲಿಲ್ಲ, ಎಳೆ ಬಿಡಲಿಲ್ಲ, ಹಾಲಿನ ಕೆನೆಯಂತೆ ಬೆರಳ ತುದಿಗೆ. ಹಸಿವಾಯಿತು. ಯಾಕೆ ಹಸಿವು ಈ ಹೊತ್ತಿನಲ್ಲಿ, ಒಂಬತ್ತಕ್ಕೆ ರೊಟ್ಟಿ ತಿಂದಿದ್ದೇನೆ, ಶೇಂಗಾ ಚಟ್ನಿ ಬೇಕೆನಿಸುತ್ತಿದೆ, ಹುರಿದ ಶೇಂಗಾ, ದಾದಿ ಒಲೆಯ ಮುಂದೆ ಸಿಪ್ಪೆ ಊದುತ್ತ ಕಥೆ ಹೇಳುತ್ತಿದ್ದ ಹೊತ್ತಿನ ವಾಸನೆ — ಮೂಗಿನ ಬಳಿ ಇರುವುದು ತೇಪೆ. ತೇಪೆ ಯಾಕೆ ಶೇಂಗಾ ನಾರುತ್ತದೆ? ಈ ಊರಿನಲ್ಲಿ ಏನು ನಾರುವುದಿಲ್ಲ, ಗಾಳಿ ನಾರುತ್ತದೆ, ಬಸ್ಸಿನ ಸೀಟು ನಾರುತ್ತದೆ, ಶೇಂಗಾ ಎಣ್ಣೆಯ ಮಿಲ್ಲುಗಳು ಓಡುವ ಕಾಲಕ್ಕೆ ಮಸೀದಿಯ ಚಾಪೆಯೂ ನಾರುತ್ತದೆ, ಅದಕ್ಕೇ ನಾಲ್ಕು ದಿನ ನನಗೆ ತಿಳಿಯಲಿಲ್ಲ, ಬಟ್ಟೆ, ಅಯ್ಯೋ ದೇವರೇ, ಬಟ್ಟೆ! ಮಿಲ್ಲಿನಲ್ಲಿ ಎಣ್ಣೆ ಸೋಸುವ ದಪ್ಪ ಬಟ್ಟೆ ಹಳತಾದರೆ ಸೋಡಾ ಹಾಕಿ ಕುದಿಸಿ ಒಗೆದು ಗಂಟು ಕಟ್ಟಿ ಗ್ಯಾರೇಜುಗಳಿಗೆ ಕೊಡುತ್ತಾರೆ, ಕೈ ಒರೆಸಲು, ಮಿಲ್ಲಿನ ಹಮಾಲಿ ಪಾತಣ್ಣ ಹೋದ ವಾರ ತಂದು ಹಾಕಿದ ಗಂಟು ಅಗೋ ಮೂಲೆಯಲ್ಲಿದೆ, ಚೊಕ್ಕ ಬಿಳಿ, ಮುಟ್ಟಿದರೆ ಒಣಗಿದಂತಿರುತ್ತದೆ, ಅದರಲ್ಲೇ ಟ್ಯೂಬು ಒರೆಸಿದ್ದು, ಚೊಕ್ಕ ಅಂತಲೇ ಒರೆಸಿದ್ದು, ಎಳೆಯೊಳಗಿನ ಎಣ್ಣೆ ಯಾವ ಸೋಡಾಕ್ಕೆ ಹೋಗುತ್ತದೆ, ಎಣ್ಣೆ ಮೆತ್ತಿದ ರಬ್ಬರಿಗೆ ಅಂಟು ಎಲ್ಲಿ ಹಿಡಿಯುತ್ತದೆ! ಅಬ್ಬಾ ಎಂದೂ ಅಂಥ ಗಂಟು ಮುಟ್ಟುವುದಿಲ್ಲ, ಲುಂಗಿಯ ಅಂಚಿನಲ್ಲಿ ಒರೆಸುತ್ತಾರೆ, ಛೀ ಅಬ್ಬಾ, ಲುಂಗಿ ಗಲೀಜಾಗುತ್ತೆ, ನಾಳೆ ಒಗೆಯೋಳು ನಾನೇ, ಎಂದು ಎಷ್ಟು ಸಲ ಜಗಳವಾಡಿದ್ದೇನೆ, ಅವರು ಹ್ಞೂಂ ಅನ್ನುತ್ತಾರೆ, ಮತ್ತೆ ಲುಂಗಿಯಲ್ಲೇ ಒರೆಸುತ್ತಾರೆ. ನಾಲ್ಕು ಬೆಳಗು ಹೆಬ್ಬೆರಳು ಒತ್ತಿ ಎದ್ದು ಹೋದವರಿಗೆ ಇದು ಗೊತ್ತಿತ್ತು. ಇರಲಿ. ಕೇಳುವುದಿಲ್ಲ, ಕೇಳಿದರೆ ಸಹಾಯ ಪಡೆದ ಹಾಗಾಗುತ್ತದೆ.

ಮರಳು ಕಾಗದಕ್ಕೂ ಎಣ್ಣೆ ಮೆತ್ತಿರಬೇಕು, ಅದೂ ಬೇಡ, ಹಿತ್ತಿಲಿನಿಂದ ಇಟ್ಟಿಗೆ ಚೂರೊಂದನ್ನು ತಂದು ಉಜ್ಜುತ್ತೇನೆ, ರಬ್ಬರು ಬೂದಿಯ ಬಣ್ಣಕ್ಕೆ ತಿರುಗುವವರೆಗೆ, ಇಟ್ಟಿಗೆ ಎಣ್ಣೆ ಕುಡಿಯುತ್ತದೆ, ಕುಡಿಯಲಿ, ಕುರ್ತಾದ ಅಂಚಿನಲ್ಲಿ ಒರೆಸಿದೆ, ಕೆಂಪು ಹುಡಿ ಹತ್ತಿತು, ಹತ್ತಲಿ. ಇಟ್ಟಿಗೆ ಯಾಕೇ, ಗಾಡಿಗೆ ಮನೆ ಕಟ್ತೀಯಾ, ಎಂದು ಮುಜಾಮಿಲ್, ಹೌದು ಭಾಯ್, ನಿಂಗೂ ಒಂದು ರೂಮು ಐತೆ ಬಾಡಿಗೆಗೆ, ಎಂದೆ. ಸಲ್ಯೂಷನ್ ತೆಳ್ಳಗೆ ಹಚ್ಚಿ ಕಾಯಬೇಕು, ನನ್ನ ಕೈಗೆ ಕಾಯುವುದು ಗೊತ್ತಿಲ್ಲ, ಕಣ್ಣು ಎಲ್ಲೋ ಹೋಗಿ ಬೆರಳು ಇನ್ನೆಲ್ಲೋ ಅಂಟುತ್ತದೆ, ದಾದಿ, ಒಂದು ಕಥೆ ಹೇಳು, ಉದ್ದದ್ದು ಬೇಡ, ಎಂದೆ ಹೊಸ್ತಿಲಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ದಾದಿಗೆ. ಎಷ್ಟುದ್ದ? ಅಂಟು ಒಣಗೋವಷ್ಟು. ಹಂಗಾದ್ರೆ ಬಾಲ ಕಳ್ಕೊಂಡ ನರಿದು ಹೇಳ್ತೀನಿ, ಅದು ನಿಮ್ಮ ದಾದಾ ಒಂದು ಬೀಡಿ ಸೇದೋವಷ್ಟು ಬರ್ತೈತೆ, ಎಂದಳು ನನ್ನ ದಾದಿ ಚಮನ್ ಬೀ, ಮೊಳಕಾಲ್ಮೂರಿನಲ್ಲಿ ಹುಟ್ಟಿ, ಮದುವೆಗೆ ಮುಂಚೆ ರೇಷ್ಮೆ ನೂಲು ಸುತ್ತಿ, ಮೂವತ್ತು ವರ್ಷ ಪ್ರತಿ ಈದ್‌ಗೆ ಇದೇ ಸ್ಕೂಟರಿನ ಹಿಂದೆ ಕೂತು ತವರಿಗೆ ಹೋಗುತ್ತಿದ್ದವಳು. ನರಿಗೆ ಬಾಲ ಸಿಗುವಷ್ಟರಲ್ಲಿ ಬೆರಳು ಮುಟ್ಟಿದರೆ ಅಂಟು ಅಂಟಲಿಲ್ಲ, ಹದ ಅದೇ, ತೇಪೆ ಇಟ್ಟೆ, ಸುತ್ತಿಗೆಯ ಹಿಡಿಯಿಂದ ಮಧ್ಯದಿಂದ ಅಂಚಿಗೆ ತಿಕ್ಕಿದೆ, ಟೈರಿನೊಳಗೆ ಬೆರಳಾಡಿಸಿ ಮುಳ್ಳಿನ ಮೊನೆ ಉಳಿದಿಲ್ಲವೆಂದು ಇನ್ನೊಮ್ಮೆ ನೋಡಿಕೊಂಡೆ. ಐದನೆಯದು. ಗಾಳಿ ತುಂಬಿ ಬಾಂಡಲಿಗಿಟ್ಟರೆ ನೀರು ಸುಮ್ಮನಿತ್ತು, ನಾಲ್ಕು ಸಲವೂ ಮೊದಲು ಹೀಗೇ ಸುಮ್ಮನಿತ್ತು, ನಂಬಬಾರದು.

ಶುಕ್ರವಾರ ಬಂತು, ಇಂದು ಬೆಳಿಗ್ಗೆ ಅಬ್ಬಾ ಚಕ್ರ ಮುಟ್ಟಲೇ ಇಲ್ಲ, ಹೋಗ್ಬಾ, ಎಂದಷ್ಟೇ ಹೇಳಿ ಒಳಗೆ ಹೋದರು, ನಾನೇ ಒತ್ತಿ ನೋಡಿದೆ, ಗಟ್ಟಿಯಿತ್ತು, ಆದರೆ ನಿಂತ ಗಾಡಿಯ ಗಾಳಿ ಬೇರೆ, ಇಬ್ಬರ ಭಾರಕ್ಕೆ, ಕಾದ ಡಾಂಬರಿಗೆ, ಬಿಸಿಯೇರಿದ ರಬ್ಬರಿಗೆ ತೇಪೆ ಬೆವರುತ್ತದೆ — ದಾದಿಯನ್ನು ಹಿಂದೆ ಕೂರಿಸಿಕೊಂಡು ಹೊರಟಾಯಿತು, ತಳಕು ಊರು ದಾಟಿತು, ಬಲಕ್ಕೆ ಶೇಂಗಾ ಹೊಲ, ಎಡಕ್ಕೆ ಜಾಲಿ, ಎಲ್ಲೆಲ್ಲೂ ಜಾಲಿ, ರಸ್ತೆಯಂಚಿಗೆ ಹೋಗಬೇಡ ಮೆಹನಾಜ್, ಮಧ್ಯ ಹಿಡಿ, ಲಾರಿ, ಅಂಚು, ಮತ್ತೆ ಮಧ್ಯ, ದಾದಿಯ ಕೈ ನನ್ನ ಹೆಗಲ ಮೇಲೆ ಪಾರಿವಾಳದ ಹಾಗೆ, ಕೈ ಬಿಡ್ತು ನೋಡು, ಹಿಡ್ಕೋ ದಾದಿ, ಹಿಡ್ಕೊಂಡಿದ್ದೀನಿ ಕಣೇ, ನಿಮ್ಮ ದಾದಾ ಇದಕ್ಕಿಂತ ಜೋರಾಗಿ ಬಿಡೋರು. ಬಿ.ಜಿ. ಕೆರೆಯ ಹತ್ತಿರ ಹಿಂದಿನ ಚಕ್ರ ಎಡಕ್ಕೆ ಜಗ್ಗಿತು, ಹೋಯಿತು, ಹೋಯಿತು, ನಿಲ್ಲಿಸಿದರೆ ಇಂಜಿನ್ನೂ ನಿಂತಿತು, ಇಳಿದು ನೋಡಿದರೆ ಟೈರು ದುಂಡಗಿದೆ, ದಾದಿ, ನೀನೇನಾದರೂ ವಾಲಿದೆಯಾ? ಹ್ಞೂಂ, ಆ ಮೇಕೆಗೆ ಮೂರು ಮರಿ, ಎಣಿಸ್ತಿದ್ದೆ. ಕಿಕ್ ಹೊಡೆದೆ, ಏಳಲಿಲ್ಲ, ಇನ್ನೊಂದು, ಇಲ್ಲ, ಹೊಲದ ಬದುವಿನಿಂದ ಹನುಮಣ್ಣ ಓಡಿ ಬಂದ, ಹೆಗಲ ಮೇಲೆ ಹಗ್ಗ, ನಮ್ಮ ಅಂಗಡಿಯಲ್ಲೇ ಪಂಪ್‌ಸೆಟ್ ರಿಪೇರಿ ಮಾಡಿಸುವವನು, ಬಾಬು ಸಾಬ್ರ ಮಗಳಲ್ವಾ, ತಡಿ ತಾಯಿ, ಒಂದು ತಳ್ಳು ಕೊಟ್ರೆ ಎದ್ದೇಳ್ತೈತೆ, ಎನ್ನುತ್ತ ಸ್ಕೂಟರಿನ ಬೆನ್ನಿಗೇ ಕೈ ಚಾಚಿದ, ಮುಟ್ಟಬ್ಯಾಡ್ರೀ, ಎಂದು ನಾನು ಕಿರುಚಿದ್ದಕ್ಕೆ ಮೇಕೆಮರಿಗಳು ಚದುರಿದವು. ಯಾಕವ್ವಾ, ನನ್ನ ಕೈಗೆ ಕರೆಂಟ್ ಹೊಡಿತೈತಾ? ಹನುಮಣ್ಣ, ಯಾರಾದ್ರೂ ತಳ್ಳಿದ್ರೆ ನಾನು ಸೋತಂಗೆ, ಅಬ್ಬಾ ಶರತ್ತು ಹಾಕವ್ರೆ. ಹಂಗಾ! ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತ, ಯಾರೂ ನೋಡಿಲ್ಲ ಬಿಡು, ನಾನು ಹೇಳಂಗಿಲ್ಲ, ಮೆತ್ತಗೆ ಒಂದು ತಳ್ಳು... ದಾದಿ ಊರುಗೋಲು ಎತ್ತಿದಳು, ಏಯ್ ಹನುಮಣ್ಣ, ಹುಡುಗಿ ಬ್ಯಾಡ ಅಂದ್ಲಲ್ಲ. ಪ್ಲಗ್ ಬಿಚ್ಚಿದೆ, ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು, ನಿನ್ನೆಯದೇ ಕುರ್ತಾದ ಅಂಚಿನಲ್ಲಿ ಒರೆಸಿದೆ, ಊದಿದೆ, ಹಾಕಿದೆ, ಏಳನೆಯ ಕಿಕ್ಕಿಗೆ ಗಾಡಿ ಕೆಮ್ಮಿ ಎದ್ದಿತು, ಹನುಮಣ್ಣ ಕಟ್ಟಿದ ಕೈ ಬಿಚ್ಚಿ ಗಾಳಿಯನ್ನೇ ತಳ್ಳಿದ, ಹೋಗ್ರಿ, ಹೋಗ್ರಿ!

ಮೊಳಕಾಲ್ಮೂರಿನಲ್ಲಿ ದಾದಿ ತಂಗಿಯ ಮನೆಯ ಜಗಲಿಯ ಮೇಲೆ ಕೂತು ಎರಡು ಲೋಟ ಚಹಾ ಕುಡಿದಳು, ಗೋಡೆಯಾಚೆ ಮಗ್ಗದ ಸದ್ದು ಟಕಟಕ, ನಾನು ಒಂದು ಲೋಟವನ್ನೂ ಕೂತು ಕುಡಿಯಲಿಲ್ಲ, ಚಕ್ರವನ್ನು ನೆರಳಿಗೆ ತಿರುಗಿಸಿ ಕಾವಲು ನಿಂತೆ, ಯಾರ ಹುಡುಗಿಯಪ್ಪಾ, ಗಾಡಿಗೆ ದೃಷ್ಟಿ ತೆಗೀತಾಳೆ, ಎಂದಳು ತಂಗಿ. ತಿರುಗಿ ಬರುವ ದಾರಿಯಲ್ಲಿ ಬಿಸಿಲು ನೆತ್ತಿಗಿತ್ತು, ಆಮೇಲೆ ಬಲಗೆನ್ನೆಗೆ, ದಾದಿ ನಿದ್ದೆ ಹೋಗಬಾರದೆಂದು ನಾನೇ ಅವಳಿಗೆ ಕಥೆ ಹೇಳಿದೆ, ಒಂದೂರಿನಲ್ಲಿ ಒಂದು ಕುದುರೆ, ಜಿನ್ನು, ಆಮೇಲೆ? ಆಮೇಲೆ ರಾಜಕುಮಾರಿ ಇಟ್ಟಿಗೆ ತಂದಳು ದಾದಿ. ಇಟ್ಟಿಗೆನಾ, ನನ್ನ ಕಥೇಲಿ ಇಟ್ಟಿಗೆ ಇರ್ಲಿಲ್ಲ ಕಣೇ. ನಮ್ಮೂರ ಮಿಲ್ಲಿನ ಚಿಮಣಿ, ಶೇಂಗಾ ಮಂಡಿಯ ಲಾರಿಗಳು, ಬಸ್ ನಿಲ್ದಾಣದ ತಿರುವಿನಲ್ಲಿ ಹಾರನ್ನು ತಾನಾಗಿಯೇ ಕೂಗಿತು, ಅಂಗಡಿಯ ಮುಂದೆ ಮುಜಾಮಿಲ್ ಚೈನು ಕೆಳಗಿಟ್ಟು ಎದ್ದು ನಿಂತ, ಯಾರಾದ್ರೂ ತಳ್ಳಿದ್ರಾ, ಅಂದ, ಬಂದೋನಿಗೆ ನನ್ನ ಕೋಲು ತೋರ್ಸಿದೆ, ಅಂದಳು ದಾದಿ ಇಳಿಯುತ್ತ. ಮಗ್ರಿಬ್‌ನ ಅಜಾನ್ ಇನ್ನೂ ಆಗಿಲ್ಲ. ಅಬ್ಬಾ ಒಳಗಿಂದ ಬಂದರು, ಲುಂಗಿ ಎತ್ತಿ ಕಟ್ಟಿ ಕುಕ್ಕರುಗಾಲಿನಲ್ಲಿ ಕೂತರು, ನನ್ನ ಮುಖ ನೋಡಲಿಲ್ಲ, ಕುರ್ತಾದ ಅಂಚಿನ ಇಟ್ಟಿಗೆ ಹುಡಿ ನೋಡಿದರು, ಅದನ್ನೇ ಬಹಳ ಹೊತ್ತು ನೋಡಿದರು, ಆಮೇಲೆ ಹೆಬ್ಬೆರಳು ಟೈರಿಗೆ ಒತ್ತಿದರು, ಇಳಿಯಲಿಲ್ಲ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದರು, ಇಳಿಯಲಿಲ್ಲ, ಗ್ರೀಸು ಕೂತು ಕಪ್ಪಾದ ಆ ಉಗುರು ಬುಡದಿಂದ ತುದಿಯವರೆಗೆ ನಿಧಾನ ಬೆಳ್ಳಗಾಯಿತು, ಬೆಳ್ಳಗೆ, ಇನ್ನೂ ಒತ್ತುತ್ತಿದ್ದಾರೆ, ಬೆಳ್ಳಗೆ.