ಬಿಳಿ ಇಲಿಗಳ ಊಟದ ಹೊತ್ತು

ಸಮೀಕ್ಷಾ ಸಾಕಿದ ಎರಡು ಬಿಳಿ ಇಲಿಗಳು ಗೂಡಿನಿಂದ ತಪ್ಪಿಸಿಕೊಂಡ ಮೇಲೆ ಅವಳ ಅಪ್ಪ ಪುಷ್ಪರಾಜನಿಗೆ ಅವನ್ನು ಹಿಡಿಯುವುದೇ ಕೆಲಸವಾಯಿತು. ದಿನಾ ರಾತ್ರಿ ಗೂಡಿನ ಬಾಗಿಲು ತೆರೆದು ಕೊಬ್ಬರಿ, ಚಕ್ಕುಲಿ, ಕೊನೆಗೆ ಗೋಡಂಬಿಯನ್ನೂ ಇಟ್ಟ. ಇಲಿಗಳು ಮೂಸಿಯೂ ನೋಡಲಿಲ್ಲ.

"ಮನೆಯೊಳಗೆ ಇಲಿ ಸಾಕುವವರು ಮೂಡುಬಿದಿರೆಯಲ್ಲಿ ನಾವು ಮಾತ್ರ" ಎಂದು ಅವನ ತಾಯಿ ಪ್ರಭಾವತಿ ಗೊಣಗುತ್ತಲೇ ಇದ್ದರು.

ಒಂದು ಸಂಜೆ ಅವನು ಅಂಗಡಿಯಿಂದ ಬೇಗ ಬಂದ. ತಾಯಿ ಎಂದಿನಂತೆ ಹೊತ್ತು ಮುಳುಗುವ ಮುಂಚೆ ನೆಲದ ಮೇಲೆ ಊಟಕ್ಕೆ ಕೂತಿದ್ದರು. ಅವರ ಬಟ್ಟಲಿನ ಪಕ್ಕದಲ್ಲಿ ಎರಡೂ ಇಲಿಗಳು ತುಪ್ಪದನ್ನ ಮೆಲ್ಲುತ್ತಿದ್ದವು.

ಪುಷ್ಪರಾಜ ಬಾಗಿಲಲ್ಲೇ ನಿಂತುಬಿಟ್ಟ. ತಾಯಿ ತಲೆಯೆತ್ತಲಿಲ್ಲ.

"ಜೈನರ ಮನೆಯ ಇಲಿಗಳು ಕತ್ತಲಾದ ಮೇಲೆ ತಿನ್ನುತ್ತವಾ ಮಾರಾಯ?" ಎಂದರು. "ಗೂಡು ಈಗಲೇ ತರಬೇಡ. ಅವುಗಳ ಊಟ ಮುಗಿಯಲಿ."