ನೆಲಮಾಳಿಗೆಯ ಎಸೆತ

೧೯೦೬ರ ಆ ಚಳಿಗಾಲದಲ್ಲಿ ಮಿನಸೋಟಾದ ಪುಟ್ಟ ಲೂಥರನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಸೋತಾಗ ಹುಡುಗರು ನಕ್ಕಿದ್ದರು. ಫೆಬ್ರವರಿಯಲ್ಲಿ ಸೋತಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪ್ರಾಂಶುಪಾಲರಾದ ಪಾದ್ರಿ ಟ್ವೀಟೆನ್‌ಗೆ ಈ ಹೊಸ ಆಟ ಮೊದಲಿನಿಂದಲೂ ಹಿಡಿಸಿರಲಿಲ್ಲ. "ಒಂದಾದ್ರೂ ಗೆದ್ದು ಬನ್ನಿ. ಇಲ್ಲಾಂದ್ರೆ ಈ ವರ್ಷಕ್ಕೇ ಆಟ ಮುಗೀತು, ನೆಲಮಾಳಿಗೆಗೆ ಆಲೂಗಡ್ಡೆ ತುಂಬಿಸ್ತೀನಿ," ಎಂದಿದ್ದರು. ಅವರು ತಮಾಷೆಗೆ ಮಾತಾಡುವವರಲ್ಲ.

ಪ್ರಾರ್ಥನಾ ಮಂದಿರದ ಕೆಳಗಿನ ಆ ನೆಲಮಾಳಿಗೆಯೇ ತಂಡದ ಅಭ್ಯಾಸದ ಅಂಗಳ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಎಸೆತವನ್ನು, ಪೆಟ್ಟು ತಿಂದವನು ಯಾರೇ ಆಗಿರಲಿ, ಇಡೀ ತಂಡದ ಪರವಾಗಿ ಒಬ್ಬನೇ ಎಸೆಯುತ್ತಿದ್ದ ಕಾಲ ಅದು. ಇಲ್ಲಿ ಆ ಒಬ್ಬ ಸೀವರ್ಟ್ ಬ್ರೆಕೆ; ಭೌತಶಾಸ್ತ್ರ ಓದುವ, ಕಡಿಮೆ ಮಾತಿನ ಹುಡುಗ. ತಲೆಯ ಮೇಲೆಯೇ ಹಬೆಯ ಕೊಳವೆಗಳಿದ್ದುದರಿಂದ ಚೆಂಡನ್ನು ಎತ್ತರಕ್ಕೆ ಎಸೆಯುವಂತಿರಲಿಲ್ಲ. ಅವನು ಅದನ್ನು ತಗ್ಗಾಗಿ, ಬುಟ್ಟಿಯ ಹಿಂದಿನ ಮರದ ಗೋಡೆಗೆ ನೇರವಾಗಿ ಬಿಡುತ್ತಿದ್ದ. ಅದು ಪುಟಿದು ಬುಟ್ಟಿಗೆ ಬೀಳುತ್ತಿತ್ತು. ವರ್ಷಗಟ್ಟಲೆ ಅವನ ಕೈ ಕಲಿತದ್ದು ಅದೊಂದನ್ನೇ.

ಪಂದ್ಯಗಳೆಲ್ಲ ನಡೆಯುತ್ತಿದ್ದ ಹೊರಗಿನ ಊರುಗಳಲ್ಲಿ ಬುಟ್ಟಿಯ ಹಿಂದೆ ಇರುತ್ತಿದ್ದುದು ತಂತಿಯ ಬಲೆ. ಅವನ ಚೆಂಡು ಅದಕ್ಕೆ ತಾಕಿ ಸತ್ತ ಹಕ್ಕಿಯಂತೆ ಕೆಳಗೆ ಬೀಳುತ್ತಿತ್ತು. ಕಾರಣ ಅವನಿಗೆ ಮೊದಲ ಪಂದ್ಯದಲ್ಲೇ ಹೊಳೆದಿತ್ತು. ಚೆಂಡು ಮೇಲೇರಿ ಇಳಿಯಬೇಕಾದ ದಾರಿಯನ್ನು ಕಾಗದದ ಮೇಲೆ ಬಿಡಿಸಿಯೂ ನೋಡಿದ್ದ. ಕೈ ಮಾತ್ರ ಕೇಳಲಿಲ್ಲ.

ಕೊನೆಯ ಪಂದ್ಯ ಪಕ್ಕದ ಊರಿನ ಸೈನಿಕರ ಕವಾಯತು ಭವನದಲ್ಲಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಸೀವರ್ಟ್ ನಾಯಕ ಹಾಲ್ವರ್ ಮೋಯೆನ್‌ನ ಪಕ್ಕ ಕುಳಿತ.

"ಹಾಲ್ವರ್, ಇವತ್ತು ಅರ್ನ್ಟ್ ಎಸೀಲಿ ಕಣೋ. ಅವನು ಇದೇ ಊರೋನು, ಈ ಬಲೆ ಮುಂದೇನೇ ಬೆಳೆದಿದಾನೆ."

ಬೂಟಿನ ದಾರ ಕಟ್ಟುತ್ತಿದ್ದ ಅರ್ನ್ಟ್ ಲೀ ತಲೆ ಎತ್ತಿದ. "ಅಯ್ಯೋ, ನಾನಾ? ನಿನ್ನ ಕೆಲಸ ಕಿತ್ಕೊಂಡೆ ಅಂತ ಊಟದ ಮನೇಲಿ ಯಾರೂ ನಂಗೆ ಕಾಫಿನೂ ಹಾಕಲ್ಲ ಮಾರಾಯ!"

"ಸುಮ್ನಿರ್ರೋ ಇಬ್ರೂ," ಎಂದ ಹಾಲ್ವರ್. "ಎಸೆಯೋನು ಅಂತ ಒಬ್ಬನ್ನ ಆರಿಸಿದ ಮೇಲೆ ಕೊನೇವರೆಗೂ ಅವನೇ. ಈಗ ಬದಲಾಯಿಸಿದ್ರೆ ಎಲ್ಲಾ ಸೋಲನ್ನೂ ನಿನ್ನ ತಲೆಗೆ ಕಟ್ಟಿದ ಹಾಗಾಗತ್ತೆ. ನಾವು ಅಂಥೋರಲ್ಲ."

"ಕಟ್ಟಿ, ಪರವಾಗಿಲ್ಲ. ನಂಗೆ ಇಲ್ಲಿ ಎಸೆಯೋಕೆ ಬರಲ್ಲ ಅಂತಿದೀನಲ್ಲೋ."

"ಬರತ್ತೆ ಬಿಡೋ. ಆ ಲೆಕ್ಕ ಹಾಕೋ ತಲೇನ ಇಲ್ಲೇ ಗೂಟಕ್ಕೆ ನೇತುಹಾಕಿ ಬಾ."

ಎಲ್ಲರೂ ನಕ್ಕರು. ಸೀವರ್ಟ್ ಇನ್ನೊಮ್ಮೆ ಕೇಳಬಹುದಿತ್ತು. ಅಷ್ಟು ಪ್ರೀತಿಯನ್ನು ತಳ್ಳಿಹಾಕಲಾರದೆ ಎದ್ದು ಅವರ ಜೊತೆ ಹೊರಟ.

ಅಂದು ಅವರು ಹಿಂದೆಂದೂ ಆಡದ ಹಾಗೆ ಆಡಿದರು. ಸೀವರ್ಟ್‌ನ ಎಸೆತಗಳು ಒಂದೊಂದಾಗಿ ವ್ಯರ್ಥವಾದರೂ ಉಳಿದವರು ಓಡಿ, ಬಿದ್ದು, ಮೊಣಕಾಲು ತರಚಿಕೊಂಡು ಅಂಕ ಸರಿಸಮ ಮಾಡಿದರು. ಆಟ ಇನ್ನೇನು ಮುಗಿಯಬೇಕು, ಆಗ ಎದುರಾಳಿಯೊಬ್ಬ ಅರ್ನ್ಟ್‌ನನ್ನು ತಳ್ಳಿದ. ಸೀಟಿ ಕೂಗಿತು. ಈ ಒಂದು ಎಸೆತ ಒಳಗೆ ಬಿದ್ದರೆ ಗೆಲುವು.

ಸೀವರ್ಟ್ ಗೆರೆಯ ಹಿಂದೆ ನಿಂತ. ಮೇಲೆ ಕತ್ತಲು ತುಂಬಿದ ಎತ್ತರದ ಚಾವಣಿ. ಎಷ್ಟು ಮೇಲಕ್ಕಾದರೂ ಎಸೆಯಬಹುದಿತ್ತು. ಎತ್ತಿ ಎಸೆಯಲೇಬೇಕೆಂದು ಗಟ್ಟಿ ಮಾಡಿಕೊಂಡೇ ಮಂಡಿ ಬಗ್ಗಿಸಿದ. ಚೆಂಡು ಬೆರಳು ಬಿಡುವ ಗಳಿಗೆಯಲ್ಲಿ ತೋಳು ಹಳೆಯ ಅಭ್ಯಾಸದಂತೆ, ಇಲ್ಲಿಲ್ಲದ ಕೊಳವೆಗಳಿಗೆ ಹೆದರಿ ತಗ್ಗಿತು. ಅತ್ತ ಏರಲೂ ಇಲ್ಲ, ಇತ್ತ ನೇರ ಹೋಗಲೂ ಇಲ್ಲ. ಚೆಂಡು ಬುಟ್ಟಿಯ ಅಂಚಿಗಿಂತ ಮೊದಲೇ ಸೋತು ಇಳಿಯಿತು. ಎದುರಾಳಿಗಳ ಕೈಗೆ ಸಿಕ್ಕಿದ್ದು ಹಾಗೇ ಆಚೆ ಬದಿಯ ಬುಟ್ಟಿ ಸೇರಿತು.

ರೈಲಿನಲ್ಲಿ ಯಾರೂ ಅವನನ್ನು ಬಯ್ಯಲಿಲ್ಲ. ಬಯ್ಯಲಿ ಎಂದು ಅವನು ಕಾಯುತ್ತಿದ್ದ.

"ನಿನ್ನ ತಪ್ಪಲ್ಲ ಕಣೋ," ಎಂದು ಹಾಲ್ವರ್ ತನ್ನ ಲೆಫ್ಸೆ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟ. ಆಮೇಲೆ ರೂಢಿಯಂತೆ ಎಲ್ಲರ ಕಡೆ ತಿರುಗಿ, "ಸೋಮವಾರ ಅಭ್ಯಾಸಕ್ಕೆ ಯಾರೂ ತಡ ಮಾಡ್ಬೇಡಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕಿಟಕಿಗೆ ಒರಗಿದ.

ರೈಲು ನಿಲ್ದಾಣದಲ್ಲಿ ನಿಂತ ಮೇಲೂ ಹಾಲ್ವರ್‌ನ ಭುಜ ಅಲುಗುತ್ತಲೇ ಇತ್ತು.