ಕನ್ನಡದಲ್ಲಿ ಹೇಳಿದ ಸುಳ್ಳು

ತಿರುಮಲೇಶನ ಸಂಶೋಧನೆಗೆ ಒಬ್ಬ ಹುಡುಗ ಕಡಿಮೆಯಿದ್ದ.

ಮನಸ್ಸು ಕುಗ್ಗಿದಾಗ ಬುದ್ಧಿ ಹೇಗೆ ನಡೆಯುತ್ತದೆ ಎಂಬುದು ಅವನ ವಿಷಯ. ಐವತ್ತೊಂಬತ್ತನೆಯ ಇಸವಿ. ಮದರಾಸಿನ ನುಂಗಂಬಾಕ್ಕಂ ಕಡೆಯ ಕಾಲೇಜೊಂದರ ಹುಡುಗರಿಗೆ ಬುದ್ಧಿಪರೀಕ್ಷೆ ಕೊಡುವುದು, 'ನೀನು ದಡ್ಡ' ಎಂದು ಸುಳ್ಳು ಹೇಳುವುದು, ಕೂಡಲೇ ಲೆಕ್ಕ ಮಾಡಿಸುವುದು. ವಾರ ಕಳೆದು ಎಲ್ಲರದೂ ಮುಗಿದ ಮೇಲೆ ನಿಜ ಹೇಳಿ, ಕಾಫಿ ಕುಡಿಸಿ ಕಳಿಸುವುದು.

ಕೊನೆಗೆ ಸಿಕ್ಕವನು ಕಮಲಾಕರ. ಉಡುಪಿ ಕಡೆಯವನು, ಸೋದರಮಾವನ ಹೋಟೆಲಿನ ಅಟ್ಟದಲ್ಲಿ ಮಲಗಿ ಗಣಿತ ಓದುತ್ತಿದ್ದ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಅವನೊಬ್ಬನೇ. ತಾತನ ಕಾಲದಿಂದ ಮದರಾಸಿನಲ್ಲೇ ಇದ್ದ ತಿರುಮಲೇಶನಿಗೆ ಕನ್ನಡ ಆಡುವ ಹುಡುಗ ಸಿಕ್ಕಿದ್ದೇ ಸಂತೋಷ. ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇವನಿಗೆ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ ಹೇಳಿದ.

"ನಮ್ಮವನು ಅಂತ ಹೇಳ್ತೀನಪ್ಪ. ನಿನ್ನ ಅಂಕ ತೀರ ಕೆಳಗಿದೆ. ಗಣಿತ ನಿನ್ನ ಕೈಲಾಗೋದಲ್ಲ."

ಇಂಗ್ಲಿಷಿನಲ್ಲಿ ಕೇಳಿದವರು ಮುಖ ಊದಿಸಿಕೊಂಡಿದ್ದರು. ಒಬ್ಬಿಬ್ಬರು ಜಗಳಕ್ಕೇ ಬಂದಿದ್ದರು. ಕಮಲಾಕರ "ಆಯ್ತು ಸಾರ್" ಎಂದ. ಕೊಟ್ಟ ಲೆಕ್ಕವನ್ನೆಲ್ಲ ತಪ್ಪು ಮಾಡಿ ಹೋದ.

ನಿಜ ಹೇಳುವ ದಿನ ಅವನು ಬರಲಿಲ್ಲ. ಕಾಲೇಜಿಗೂ ಬರುತ್ತಿಲ್ಲ ಎಂದರು. ತಿರುಮಲೇಶ ಅವನ ಬುದ್ಧಿಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಹೋಟೆಲಿಗೆ ಓಡಿದ. ಕಮಲಾಕರ ಪಂಚೆ ಎತ್ತಿ ಕಟ್ಟಿ ಮೇಜು ಒರೆಸುತ್ತಿದ್ದ.

"ಅದೆಲ್ಲ ಸುಳ್ಳು ಕಣೋ, ಸಂಶೋಧನೆಗೆ ಅಂತ ಹೇಳಿದ್ದು. ನೋಡು, ಎಲ್ಲರಿಗಿಂತ ನಿನಗೇ ಹೆಚ್ಚು ಬಂದಿದೆ!"

ಕಮಲಾಕರ ನೋಡಿದ. ತನ್ನದೇ ಅಕ್ಷರ. "ಅಂದಾಜಿಗೆ ಬರೆದದ್ದು ಸಾರ್. ಹೇಗೋ ಸರಿಯಾಗಿದೆ."

"ಹೋದ ವರ್ಷ ಫಸ್ಟ್ ಕ್ಲಾಸ್ ಬಂತಲ್ಲ?"

"ಉರು ಹೊಡೆದದ್ದು. ನಿಮಗೆ ನನ್ನನ್ನು ಕಂಡು ಪಾಪ ಅನ್ನಿಸ್ತದೆ, ಅದಕ್ಕೆ ಹೀಗೆ ಹೇಳ್ತೀರಿ. ಅವತ್ತು ಹೇಳಿದ್ದೇ ಸತ್ಯ."

ಗಲ್ಲಾದಲ್ಲಿ ಕೂತಿದ್ದ ಮಾವ ವಿಷ್ಣುಮೂರ್ತಿ ನಕ್ಕ. "ಬಿಡಿ ಮಾರಾಯ್ರೆ. ಓದು ಸಾಕು ಅಂತ ನಾವು ಹೇಳಿದ್ರೆ ಕೇಳ್ಲಿಲ್ಲ, ನಿಮ್ಮ ಮಾತು ಕೇಳಿದ. ನಮಗೂ ಕೆಲಸಕ್ಕೆ ಒಂದು ಜನ ಆಯ್ತು. ಕಾಫಿ ಕುಡೀತೀರಾ?"

ಕುಗ್ಗಿದವನು ಹಳೆಯ ಗೆಲುವನ್ನೂ ಸೋಲೆಂದೇ ಓದುತ್ತಾನೆ. ಇದನ್ನು ಪ್ರಬಂಧಕ್ಕೆ ಸೇರಿಸಬೇಕು. ತಿರುಮಲೇಶನಿಗೆ ಮೊದಲು ಹೊಳೆದದ್ದು ಇದು. ನಾಚಿಕೆಯಾದದ್ದು ಆಮೇಲೆ.

ಮತ್ತೆ ಮತ್ತೆ ಹೋದ. ಹೋದಷ್ಟೂ ಹುಡುಗನಿಗೆ ಅದು ಕನಿಕರವೆಂದೇ ಖಾತ್ರಿಯಾಯಿತು. ಕೊನೆಗೆ ತಿರುಮಲೇಶನನ್ನು ಕಂಡರೆ ಒಳಗೆ ಅಡುಗೆಮನೆಗೆ ಸರಿಯುತ್ತಿದ್ದ.

ಹಾಜರಿ ಸಾಲದೆ ಕಾಲೇಜಿನವರು ಹೆಸರು ತೆಗೆದರು. ಪ್ರಬಂಧಕ್ಕೆ ಬೇಕಾದ ನಲವತ್ತು ಹುಡುಗರೂ ಆಗಿದ್ದರು. ಗಣಿತದ ತರಗತಿಯಲ್ಲಿ ಒಬ್ಬ ಕಡಿಮೆಯಾದ.